ಕ್ಲಬ್ಬಿನ ಕೆಲಸಕ್ಕೆ ಹೊರಟ ಸೊಸೆಗೆ

ಮೈಸೂರು, ಭಾನುವಾರ

ಚಿ. ರಮ್ಯಳಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಲೇಜಿಗೆ ಕೆಲಸಕ್ಕೆ ಆರಿಸಿಕೊಳ್ಳಲು ದೊಡ್ಡ ಹೋಟೆಲಿನವರ ಜೊತೆ ಬೆಂಗಳೂರಿನ ಒಂದು ಕ್ಲಬ್ಬಿನವರೂ ಬಂದಿದ್ದರಂತೆ. ನಿನಗೆ ಅತ್ತ ಮನಸ್ಸು, ಆದರೆ ಗೆಳತಿಯರು "ಮುದುಕರು ಇಸ್ಪೀಟಾಡೋದು ಬಿಟ್ಟರೆ ಅಲ್ಲೇನಿದೆ" ಎಂದರಂತೆ. ನನ್ನಕ್ಕ, ಅಂದರೆ ನಿನ್ನಮ್ಮ, ಫೋನಿನಲ್ಲಿ ಹೇಳಿದಳು. ಮುದುಕರು ಇಸ್ಪೀಟಾಡುವುದು ನಿಜ. ಮೂವತ್ತೊಂದು ವರ್ಷ ಕ್ಲಬ್ಬಿನ ಕೆಲಸದಲ್ಲಿ ಅವರ ಮಧ್ಯೆಯೇ ಸಂಬಳ ಎಣಿಸಿದವನು ನಾನು.

ಹೋಟೆಲಿಗೆ ಬಂದವನು ನಾಳೆ ರೂಮು ಖಾಲಿ ಮಾಡುತ್ತಾನೆ. ಕ್ಲಬ್ಬಿನ ಮೆಂಬರು ಹೋಗುವುದೇ ಇಲ್ಲ. ಇವತ್ತು ಸೂಪು ತಣ್ಣಗಿದೆಯೆಂದು ಕೂಗಾಡಿದವನು ಮುಂದಿನ ವಾರ್ಷಿಕ ಸಭೆಯಲ್ಲಿ ಗೆದ್ದು ಕಮಿಟಿಗೆ ಬಂದರೆ, ನಿನ್ನ ಇನ್‌ಕ್ರಿಮೆಂಟಿಗೆ ಸಹಿ ಹಾಕುವವನೂ ಅವನೇ. ಕಾಲೇಜಿನಲ್ಲಿ ಗಿರಾಕಿಯೇ ದೇವರು ಅಂತ ಕಲಿಸುತ್ತಾರಲ್ಲ, ಇಲ್ಲಿ ಗಿರಾಕಿಯೇ ಯಜಮಾನ. ಅಂಥವರು ಎರಡು ಸಾವಿರ ಜನ, ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ ನಿನ್ನ ಕೈಹಿಡಿಯುವುದು ಬೈಲಾ ಪುಸ್ತಕ, ಅಂದರೆ ಕ್ಲಬ್ಬಿನ ನಿಯಮಗಳ ಪುಸ್ತಕ ಒಂದೇ. ಮೊದಲ ತಿಂಗಳಲ್ಲೇ ಅದನ್ನು ಎರಡು ಸಲ ಓದು. ಗೆಸ್ಟ್ ಫೀಸು, ಡ್ರೆಸ್ ಕೋಡು, ಬಾಕಿ ಉಳಿಸಿಕೊಂಡವರ ಹೆಸರನ್ನು ಯಾವಾಗ ಬೋರ್ಡಿಗೆ ಹಾಕಬೇಕು, ಎಲ್ಲ ಅದರಲ್ಲಿರುತ್ತೆ. ಬೇಡ ಎನ್ನಬೇಕಾದಾಗ "ನಾನು ಹೇಳ್ತಿಲ್ಲ ಸರ್, ನೀವೇ ಮಾಡಿದ ರೂಲು" ಎನ್ನಬಹುದು. ಇದರಿಂದ ನಾನು ಎಷ್ಟು ಸಲ ಬದುಕಿಕೊಂಡಿದ್ದೇನೋ!

ರೂಲು ಗೊತ್ತಿದ್ದರೂ ಹೇಳುವ ರೀತಿ ಬೇರೆ ವಿದ್ಯೆ. ಒಮ್ಮೆ ಹಿರಿಯ ಮೆಂಬರೊಬ್ಬರು ಬಿಲ್ಲಿನಲ್ಲಿ ನಾಲ್ಕು ಪೆಗ್ ಜಾಸ್ತಿ ಬಂದಿದೆ, ಬೇರರ್ ಕಳ್ಳ ಅಂತ ಬಾರಿನಲ್ಲಿ ಎಲ್ಲರೆದುರು ರೇಗಿದರು. ಹುಡುಗನ ಕಣ್ಣಲ್ಲಿ ನೀರು. ರಾತ್ರಿ ಕೂತು ಆ ತಿಂಗಳ ಚಿಟ್ಟುಗಳನ್ನೆಲ್ಲ, ಅಂದರೆ ಆರ್ಡರಿಗೆ ಸಹಿ ಹಾಕಿದ ಚೀಟಿಗಳನ್ನೆಲ್ಲ, ತೆಗೆದೆ. ನಾಲ್ಕರ ಮೇಲೂ ಸಹಿ ಇತ್ತು, ಅದು ಅವರ ಮಗನದು. ಕಮಿಟಿ ಮುಂದಿಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ, ಆದರೆ ಅವರು ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಆಫೀಸಿಗೆ ಕರೆದು, ಕಾಫಿ ತರಿಸಿ, ಬಾಗಿಲು ಹಾಕಿ ತೋರಿಸಿದೆ. ಮಾತಾಡದೆ ಎದ್ದು ಹೋದರು. ಮಾರನೇ ದಿನ ಅದೇ ಹುಡುಗನನ್ನೇ ಕರೆದು ಆರ್ಡರ್ ಕೊಟ್ಟರು. ಕ್ಷಮೆ ಕೇಳಲಿಲ್ಲ, ಅಂಥ ಜನ ಕೇಳುವುದಿಲ್ಲ.

ಅದಕ್ಕೇ ಹೇಳುವುದು, ಅಡುಗೆಮನೆಗಿಂತ ಮೊದಲು ಅಕೌಂಟ್ಸ್ ವಿಭಾಗದಲ್ಲಿ ಟ್ರೈನಿಂಗ್ ಕೇಳು. ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ ಬಾಕಿದಾರರ ಪಟ್ಟಿಯಿದೆ, ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ಲನ ಹೆಸರಿನ ಮುಂದೆ 13 ರೂಪಾಯಿ. ನೋಡಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಆ ಪಟ್ಟಿ ಬರೆದ ಗುಮಾಸ್ತನ ಮೇಲೆ ಪ್ರೀತಿ. ಇವನು ಮುಂದೆ ಬ್ರಿಟನ್ನಿನ ಪ್ರಧಾನಿಯಾಗುತ್ತಾನೆ ಅಂತ ಅವನಿಗೇನು ಗೊತ್ತು, ಬಾಕಿ ಅಂದರೆ ಬಾಕಿ. ತೆರಿಗೆಯ ವಿಷಯವೂ ಹಾಗೇ. ಮೆಂಬರುಗಳು ತಮ್ಮ ದುಡ್ಡನ್ನು ತಮಗೇ ಖರ್ಚು ಮಾಡಿಕೊಂಡರೆ ಆದಾಯವಲ್ಲ ಅನ್ನುವುದು ಹಳೇ ತತ್ವ. ಆದರೆ ಬ್ಯಾಂಕಿನ ಠೇವಣಿಯ ಬಡ್ಡಿಗೆ ಅದು ಹೊಂದುವುದಿಲ್ಲ ಅಂತ ಸುಪ್ರೀಂ ಕೋರ್ಟು 2013ರಲ್ಲಿ ಅದೇ ಬೆಂಗಳೂರು ಕ್ಲಬ್ಬಿನ ಕೇಸಿನಲ್ಲೇ ಹೇಳಿತು. ಆಡಿಟರು ಇದ್ದಾರೆ ಅಂತ ಬಿಡಬೇಡ, ಸಭೆಯಲ್ಲಿ ಪ್ರಶ್ನೆ ಬಂದಾಗ ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ. ಬಾರಿನ ಸಿಎಲ್-4 ಲೈಸೆನ್ಸಿನ, ಅಂದರೆ ಕ್ಲಬ್ಬುಗಳಿಗೆ ಕೊಡುವ ಮದ್ಯದ ಲೈಸೆನ್ಸಿನ, ಕಾಗದಗಳೂ ನಿನ್ನ ಕಪಾಟಿನಲ್ಲೇ ಇರಲಿ.

ಅಮೆರಿಕದಲ್ಲಿ ಕ್ಲಬ್ ಮ್ಯಾನೇಜರುಗಳದೇ ಸಂಘವಿದೆ, 1927ರದು. ಕಾಲೇಜುಗಳಲ್ಲಿ ವಿದ್ಯಾರ್ಥಿ ಶಾಖೆಗಳಿವೆ, ಮ್ಯಾನೇಜರುಗಳು ಪರೀಕ್ಷೆ ಕಟ್ಟಿ ಸಂಘದ ಪ್ರಮಾಣಪತ್ರವನ್ನೂ ಪಡೆಯುತ್ತಾರೆ. ನಮ್ಮ ಕಾಲೇಜುಗಳು ಇದಕ್ಕೆ ಒಂದು ಪಾಠವನ್ನೂ ಮೀಸಲಿಟ್ಟದ್ದು ನಾನಂತೂ ನೋಡಲಿಲ್ಲ. ಅದು ನನಗೆ ಬೇಜಾರಿನ ಸಂಗತಿ. ನಾನೇನು, ಆಟದ ಲೆಕ್ಕವಿಡುವ ಮಾರ್ಕರ್, ಮಾಲಿ, ಹಳೇ ಬಟ್ಲರುಗಳ ಬಾಯಿಂದ ಕಲಿತವನು. ನೀನೂ ಅವರನ್ನು ಕೇಳು. ಯಾವ ಮೆಂಬರಿಗೆ ಸಕ್ಕರೆ ಹಾಕಬಾರದು, ಯಾವ ಇಬ್ಬರನ್ನು ಅಕ್ಕಪಕ್ಕ ಕೂರಿಸಬಾರದು, ಅದು ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ.

ಒಂದು ಮಾತು ಮರೆತೆ. ಎಲೆಕ್ಷನ್ ಹತ್ತಿರ ಬಂದಾಗ ಯಾವ ಗುಂಪಿನವರು ಕರೆದರೂ ಊಟಕ್ಕೆ ಹೋಗಬೇಡ. ನಾನೊಮ್ಮೆ ಹೋಗಿ ಎರಡು ವರ್ಷ ಅನುಭವಿಸಿದೆ. ಬಿರಿಯಾನಿಯೂ ಅಷ್ಟಕ್ಕಷ್ಟೇ ಇತ್ತು.

ಮುಂದಿನ ಶನಿವಾರ ಬಂದರೆ ನನ್ನ ಹಳೇ ಬೈಲಾ ಪುಸ್ತಕ ಕೊಡುತ್ತೇನೆ, ಅಂಚಿನಲ್ಲೆಲ್ಲ ಪೆನ್ಸಿಲಿನ ಬರಹವಿದೆ. ಅತ್ತೆ ಚಕ್ಕುಲಿ ಮಾಡಿಟ್ಟಿದ್ದಾಳೆ.

ನಿನ್ನ ಮಾವ