ಬ್ರೇಕ್ ಫೇಲ್ ಅಂದರೆ, ಫೇಲ್ ಆಗಿದ್ದು ಏನು?

ಮಾನ್ಯ ಸಂಪಾದಕರೇ,

ಘಾಟಿಯಲ್ಲಿ ಜೀಪು ಉರುಳಿದರೆ ಪೇಪರಿನಲ್ಲಿ ‘ಬ್ರೇಕ್ ಫೇಲ್ ಆಗಿ’ ಅಂತ ಬರುತ್ತದೆ, ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಫೇಲ್ ಆಗಿದ್ದು ಏನು ಅಂತ ಯಾರೂ ಕೇಳುವುದಿಲ್ಲ. ಹೋದ ಮಳೆಗಾಲದಲ್ಲಿ ನನ್ನ ಜೀಪೇ ಹಾಗೆ ಪೇಪರಿಗೆ ಬರುವುದರಲ್ಲಿತ್ತು, ಅದಕ್ಕೇ ಈ ಪತ್ರ.

ನಮ್ಮದು 1965ರ ಮಹೀಂದ್ರ ಸಿಜೆ 3ಬಿ, ಅಪ್ಪನ ಕಾಲದ್ದು. ತೋಟದ ಗೇಟಿನ ಹತ್ತಿರ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಿಂತಿದ್ದೆ. ಪೆಡಲ್ ತಾನಾಗಿ ಮೆಲ್ಲಗೆ ಕೆಳಗಿಳಿಯಿತು, ಜೀಪೂ ಹೊರಟಿತು! ಪಂಪ್ ಹೊಡೆದರೆ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ನಾಲ್ಕೂ ಚಕ್ರ ನೋಡಿದೆ, ಎಲ್ಲೂ ಒಂದು ತೊಟ್ಟು ಆಯಿಲ್ ಸೋರಿಲ್ಲ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸವೆದು, ಚಕ್ರಕ್ಕೆ ಹೋಗಬೇಕಾದ ಆಯಿಲ್ ಒಳಗೊಳಗೇ ಹಿಂದಕ್ಕೆ ಬರುತ್ತಿತ್ತು. ಈ ಹಳೇ ಜೀಪಿಗೆ ಇರುವುದು ಒಂದೇ ಆಯಿಲ್ ಲೈನು, ಅದು ಕೈಕೊಟ್ಟರೆ ನಾಲ್ಕು ಚಕ್ರಕ್ಕೂ ಬ್ರೇಕ್ ಇಲ್ಲ.

ಸಿಲಿಂಡರ್ ಇರುವುದು ಡ್ರೈವರ್ ಕಾಲಡಿ, ಚಾಸಿಗೆ ಬೋಲ್ಟ್ ಮಾಡಿರುತ್ತಾರೆ, ಕೆಸರು ನೀರು ಹೊಡೆಯುವ ಜಾಗ. ಆಯಿಲ್ ನೋಡಬೇಕಾದರೆ ಫ್ಲೋರಿನ ತಗಡು ಬಿಚ್ಚಬೇಕು, ಹಾಗಾಗಿ ಯಾರೂ ನೋಡುವುದೇ ಇಲ್ಲ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಆಯಿಲಿಗೆ ಆ ಮಿತಿ 140. ಘಾಟಿ ಇಳಿಯುವಾಗ ಚಕ್ರದ ಬ್ರೇಕ್ ಡ್ರಮ್ ಕಾದು ಆಯಿಲ್ ಕುದಿಯಿತೋ, ಗುಳ್ಳೆ ಎದ್ದು ಪೆಡಲ್ ಸೀದಾ ನೆಲಕ್ಕೆ. ಮೇಲಿಂದ ಸಿಲಿಂಡರಿನ ಒಳಗೆ ತುಕ್ಕು ಬೇರೆ.

ಮೊದಲು ಒಬ್ಬ ಮೆಕ್ಯಾನಿಕ್ ಬರೀ ರಬ್ಬರ್ ಕಿಟ್ ಹಾಕಿಕೊಟ್ಟ. ಇಪ್ಪತ್ತು ದಿನ ಬಂತು. ತುಕ್ಕು ತಿಂದ ಸಿಲಿಂಡರು ಹೊಸ ರಬ್ಬರನ್ನೂ ಕೆರೆದು ಹಾಕಿತ್ತು. ಆಮೇಲೆ ಇಡೀ ಸಿಲಿಂಡರನ್ನೇ ಹೊಸದು ತಂದು ನಾನೂ ಮಗನೂ ಕೂತೆವು. ಜೀಪಿಗೆ ಕೂರಿಸುವ ಮೊದಲೇ ವೈಸಿನಲ್ಲಿ ಹಿಡಿದು, ಆಯಿಲ್ ತುಂಬಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಒತ್ತಬೇಕು, ಇಲ್ಲದಿದ್ದರೆ ಆಮೇಲೆ ಎಷ್ಟು ಪಂಪ್ ಹೊಡೆದರೂ ಏರ್ ಹೋಗಲು ಸತಾಯಿಸುತ್ತದೆ. ನಂತರ ಲೈನಿನ ಏರ್ ತೆಗೆಯುವುದು, ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು, ನಮ್ಮ ಜೀಪಿನಲ್ಲಿ ಹಿಂದಿನ ಎಡ ಚಕ್ರ. ಅವನು ಪೆಡಲ್ ಒತ್ತಿ ಹಿಡಿದುಕೊಳ್ಳುವುದು, ನಾನು ಚಕ್ರದ ಹತ್ತಿರದ ನಿಪ್ಪಲ್ (ಏರ್ ಬಿಡುವ ತಿರುಪು) ಸಡಿಲಿಸಿ ಏರ್ ಸೇರಿದ ಆಯಿಲನ್ನು ಬಾಟಲಿಗೆ ಬಿಡುವುದು, ಅವನು ಕಾಲೆತ್ತುವ ಮೊದಲೇ ಬಿಗಿ ಮಾಡುವುದು. “ಅಪ್ಪಾ, ಇನ್ನೆಷ್ಟು ಸಲ?” ಅಂತ ಮೂರನೇ ಚಕ್ರಕ್ಕೇ ರಾಗ ಎಳೆದ. ನಡುವೆ ಸಿಲಿಂಡರಿನ ಟ್ಯಾಂಕಿಗೆ ಆಯಿಲ್ ಹಾಕಲು ಮರೆತು ಏರ್ ಎಳೆದುಕೊಂಡಿತು, ಮತ್ತೆ ಮೊದಲಿನಿಂದ! ಬಾಟಲಿಗೆ ಬಿದ್ದ ಆಯಿಲನ್ನು ವಾಪಸ್ ಹಾಕಬಾರದು, ಆದರೂ ಹಾಕುವವರೇ ಜಾಸ್ತಿ.

ಇನ್ನೊಂದು ತಪ್ಪೂ ಮಾಡಿದೆ. ಪೆಡಲಿಗೆ ಸುಮಾರು ಅರ್ಧ ಇಂಚು ಆಟ (ಸಡಿಲ) ಬಿಡಬೇಕು, ನಾನು ಬಿಡಲಿಲ್ಲ. ಆಯಿಲ್ ವಾಪಸ್ ಬರಲು ದಾರಿ ಇಲ್ಲದೆ ಬ್ರೇಕ್ ಹಿಡಿದುಕೊಂಡಿತು, ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಡ್ರಮ್ ಮುಟ್ಟಲಾಗದಷ್ಟು ಬಿಸಿ. ಗೇಟಿನ ಹತ್ತಿರ ಅವತ್ತು ನನ್ನನ್ನು ಉಳಿಸಿದ್ದು ಹ್ಯಾಂಡ್‌ಬ್ರೇಕು, ಅದಕ್ಕೂ ಆಯಿಲಿಗೂ ಸಂಬಂಧವಿಲ್ಲ. ನಮ್ಮ ಕಡೆ ಹಳೇ ಜೀಪುಗಳಲ್ಲಿ ಅದು ಸುಮ್ನೆ ಟವೆಲ್ ನೇತುಹಾಕಲು ಇರುವ ಕೋಲು, ಅಲ್ವಾ?

ಮುಂದಿನ ಸಲ ‘ಬ್ರೇಕ್ ಫೇಲ್’ ಅಂತ ಬರೆಯುವ ಮೊದಲು, ಗಾಡಿ ಬಿಚ್ಚಿದ ಮೆಕ್ಯಾನಿಕ್ಕನ್ನು ಒಂದು ಮಾತು ಕೇಳಿ ಬರೆಯಲು ನಿಮ್ಮ ವರದಿಗಾರರಿಗೆ ಹೇಳಿ.

– ತೋಟದವನೊಬ್ಬ, ಮೂಡಿಗೆರೆ