ಸರೋವರದ ದಾರಿಯಲ್ಲಿ ಸಿಕ್ಕ ಕಾವಲುಗಾರರಿಗೆ

ಬೆಟ್ಟದ ಮೇಲಿನ ಸರೋವರದ ಅಭಯಾರಣ್ಯದಲ್ಲಿ ಹಕ್ಕಿ ನೋಡಿ ವಾಪಸ್ ಬರುವಾಗ ಅಮ್ಮನ ಕಾಲು ಉಳುಕಿತು. ಮೊಬೈಲಿಗೆ ಸಿಗ್ನಲ್ ಇಲ್ಲ, ಮಂಜು ಬೇರೆ ಕವಿಯತೊಡಗಿತ್ತು. ನನಗೆ ಕೈಕಾಲೇ ಆಡಲಿಲ್ಲ.

ಆಗ ಬಂದವರು ಗಸ್ತಿನಲ್ಲಿದ್ದ ಕಾವಲುಗಾರರೊಬ್ಬರು. "ಶೂ ಬಿಚ್ಚಬೇಡಿ ಅಮ್ಮಾ, ಊದಿಕೊಂಡರೆ ಮತ್ತೆ ಹಾಕೋಕಾಗಲ್ಲ" ಅಂತ ಲೇಸನ್ನು ಮಾತ್ರ ತುಸು ಸಡಿಲಿಸಿದರು. ತಮ್ಮ ಕೋಲನ್ನು ಅವಳ ಕೈಗೆ ಕೊಟ್ಟು, ನಮ್ಮ ಬ್ಯಾಗು ಹೆಗಲಿಗೇರಿಸಿ, ಇಳಿಜಾರಿನ ಬದಿಗೆ ತಾವು ನಡೆದರು. ಅಮ್ಮ ನೋವಿಗೆ ನಿಂತಾಗಲೆಲ್ಲ ಅವರೂ ನಿಲ್ಲುತ್ತಿದ್ದರು. ಅವಳಿಗೆ ಸಂಕೋಚ ಆಗದಿರಲಿ ಅಂತಲೋ ಏನೋ, ನೀರಿನ ಕಡೆ ಕೈ ತೋರಿಸಿ ಏನಾದರೊಂದು ಹೇಳುತ್ತಿದ್ದರು. ಹಾಗೆ ಕಂಡದ್ದೇ ಗುಳುಮುಳುಕ ಅನ್ನೋ ಪುಟ್ಟ ನೀರುಹಕ್ಕಿ. ಅದರ ಬೆನ್ನಿನ ಪುಕ್ಕದೊಳಗಿಂದ ಪಟ್ಟೆಪಟ್ಟೆ ತಲೆಯ ಮರಿಯೊಂದು ಇಣುಕುತ್ತಿತ್ತು. ಅಮ್ಮ ನಕ್ಕಳು. ನನಗೆ ಹೋದ ಜೀವ ಬಂದ ಹಾಗಾಯಿತು. (ಬೆಳಗಿನಿಂದ ಬೈನಾಕ್ಯುಲರ್ ಹಿಡಿದು ಕೂತಿದ್ದ ನನ್ನ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ, ಬಿಡಿ.)

ಗೇಟಿನ ಹತ್ತಿರ ಅಮ್ಮನನ್ನು ಗಾಡಿ ಹತ್ತಿಸಿದರು. ಹಣ ಕೊಡಲು ಹೋದರೆ ಕೈಮುಗಿದು ಹಿಂದೆ ಸರಿದರು. ಹೆಸರು ಕೇಳುವಷ್ಟರಲ್ಲಿ ವಾಕಿಟಾಕಿ ಕೂಗಿತು, ಹೊರಟೇಬಿಟ್ಟರು.

ಅಮ್ಮ ಈಗ ಆರಾಮಾಗಿ ಓಡಾಡುತ್ತಿದ್ದಾಳೆ ಸರ್. ತುಂಬಾ ಧನ್ಯವಾದ.