ಪ್ರಕ್ರಿಯೆಯೇ ಕಾಣದ ಪ್ರದರ್ಶನ: ಆಯೋಜಕರಿಗೊಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಸಂಚಾರಿ ಪ್ರದರ್ಶನ ವಿಭಾಗ

ವಿಷಯ: ವಸ್ತ್ರವಿನ್ಯಾಸಕರ ಸೃಜನಪ್ರಕ್ರಿಯೆಯ ಪ್ರದರ್ಶನದಲ್ಲಿ ಮುಖ್ಯ ವಿಭಾಗವನ್ನೇ ಕೈಬಿಟ್ಟಿರುವ ಬಗ್ಗೆ.

ಮಾನ್ಯರೇ,

ವಿನ್ಯಾಸಕರ ಮನಸ್ಸಿನಲ್ಲಿ ಹುಟ್ಟಿದ ಉಡುಪು ಮೈಮೇಲೆ ಬರುವವರೆಗಿನ ದಾರಿಯನ್ನು ತೋರಿಸುತ್ತೇವೆ ಎಂದು ನಿಮ್ಮ ಜಾಹೀರಾತು ಹೇಳಿತ್ತು. ಆ ಮಾತು ನಂಬಿ ಮುಂಗಡವಾಗಿ ಟಿಕೆಟ್ ಕೊಂಡು, ನನ್ನ ಹೊಲಿಗೆ ತರಗತಿಯ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಕಳೆದ ವಾರ ಬಂದೆ. ಒಳಗೆ ಇದ್ದದ್ದು ಬೊಂಬೆಗಳಿಗೆ ತೊಡಿಸಿದ ಸಿದ್ಧ ಉಡುಪುಗಳ ಸಾಲು, ಜೊತೆಗೆ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಪುಟ ತೆರೆದಿಟ್ಟ ರೇಖಾಚಿತ್ರದ ಪುಸ್ತಕ. ಪ್ಯಾಟರ್ನ್‌ಗಳು (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಚ್ಚುಗಳು), ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ನೋಡುವ ಮಾದರಿಗಳು ಎಲ್ಲಿ ಎಂದು ಕೇಳಿದ್ದಕ್ಕೆ, ಈ ಸಭಾಂಗಣ ಚಿಕ್ಕದಾದ್ದರಿಂದ ಆ ವಿಭಾಗವನ್ನು ತಂದಿಲ್ಲ ಎಂದರು ನಿಮ್ಮ ಸಿಬ್ಬಂದಿ.

ಬಿಡಲೇಬೇಕಿದ್ದರೆ ನಾಲ್ಕು ಗೌನುಗಳನ್ನು ಬಿಡಬಹುದಿತ್ತು. ಕೋರಾ ಬಟ್ಟೆಯ ಮೇಲಿನ ಪೆನ್ಸಿಲ್ ಗೆರೆ, ಬಿಚ್ಚಿ ಮತ್ತೆ ಹಾಕಿದ ಕಚ್ಚಾ ಹೊಲಿಗೆ, ಭುಜದ ಬಳಿ ಜಾಗ ಬದಲಿಸಿದ ಗುಂಡುಸೂಜಿ ನೋಡಿದರೆ ವಿನ್ಯಾಸಕರು ಎಲ್ಲಿ ತಡೆದು ನಿಂತರು, ಎಲ್ಲಿ ಮನಸ್ಸು ಬದಲಿಸಿದರು ಎನ್ನುವುದು ತಿಳಿಯುತ್ತದೆ. ಉಡುಪು ಸಿದ್ಧವಾದ ಮೇಲೆ ಅದೆಲ್ಲ ಲೈನಿಂಗ್ ಒಳಗೆ ಮುಚ್ಚಿಹೋಗುತ್ತದೆ. ಫ್ರಾನ್ಸಿನ ವಿನ್ಯಾಸಕಿ ಮ್ಯಾಡಲೀನ್ ವಿಯೊನೆ ಚಿಕ್ಕ ಮರದ ಬೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು ವಿನ್ಯಾಸ ಮಾಡುತ್ತಿದ್ದರು. ಆ ಬೊಂಬೆಯನ್ನು ಕಂಡವರಿಗೆ ಅವರ ಬಯಾಸ್ ಕಟ್, ಅಂದರೆ ಬಟ್ಟೆಯನ್ನು ಎಳೆಗಳಿಗೆ ಓರೆಯಾಗಿ ಕತ್ತರಿಸುವ ವಿಧಾನ, ತಾನಾಗಿ ಅರ್ಥವಾಗುತ್ತದೆ. ಜಪಾನಿನ ವಿನ್ಯಾಸಕ ಇಸ್ಸೆ ಮಿಯಾಕೆ ಅವರ ನೆರಿಗೆಯ ಉಡುಪುಗಳನ್ನು ಮೊದಲು ಬಹಳ ದೊಡ್ಡದಾಗಿ ಹೊಲಿದು, ಆಮೇಲೆ ಶಾಖ ಕೊಟ್ಟು ಒತ್ತಿ ನೆರಿಗೆ ಹಿಡಿಸುತ್ತಾರೆ. ಹೊಲಿದ ಆ ದೊಡ್ಡ ಉಡುಪನ್ನು ಪಕ್ಕದಲ್ಲಿ ಇಡದೆ ಈ ಕೆಲಸವನ್ನು ಯಾರಿಗಾದರೂ ವಿವರಿಸುವುದು ಹೇಗೆ?

ಮೂಲ ವಸ್ತುಗಳು ಪ್ರಯಾಣದ ಕುಲುಕಾಟ ತಾಳಲಾರವು ಎನ್ನುವುದಾದರೆ ಒಪ್ಪುತ್ತೇನೆ. ಆಗ ಪ್ರತಿಕೃತಿಗಳನ್ನಾದರೂ ಕಳಿಸಬೇಕಿತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2017ರಲ್ಲಿ ಸ್ಪೇನಿನ ವಿನ್ಯಾಸಕ ಬಾಲೆನ್ಸಿಯಾಗಾ ಅವರ ಉಡುಪುಗಳ ಒಂದು ಹೊಲಿಗೆಯನ್ನೂ ಬಿಚ್ಚದೆ, ಎಕ್ಸ್‌ರೇ ಚಿತ್ರಗಳಿಂದ ಒಳಗಿನ ರಚನೆಯನ್ನು ಜನರಿಗೆ ತೋರಿಸಿತು.

ಬೆಳಕು ಮಂದವಾಗಿತ್ತೆಂಬುದು ನನ್ನ ತಕರಾರಲ್ಲ. ನಾಜೂಕು ಬಟ್ಟೆಯ ಮೇಲೆ, ಬೆಳಕಿನ ಅಳತೆಯಲ್ಲಿ ಹೇಳುವುದಾದರೆ, 50 ಲಕ್ಸ್‌ನಷ್ಟು ಬೆಳಕು ಸಾಕು. ಹೆಚ್ಚು ಬೆಳಕಿಗೆ ಒಮ್ಮೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಆದರೆ ಅಂಥ ಬೆಳಕಿನಲ್ಲಿ ಬೂದು ಫಲಕದ ಮೇಲೆ ಬಿಳಿಯ ಸಣ್ಣ ಅಕ್ಷರ ಬರೆಸಿದರೆ ಓದುವುದು ಯಾರು? ಇದ್ದ ಅಲ್ಪಸ್ವಲ್ಪ ವಿವರವೂ ಹಾಗೆ ಕೈತಪ್ಪಿತು.

ತರದೆ ಬಿಟ್ಟ ವಸ್ತುಗಳ ಪಟ್ಟಿಯನ್ನು ಟಿಕೆಟ್ ಮಾರುವ ಜಾಗದಲ್ಲೇ ಪ್ರಕಟಿಸಿ. ಆ ವಿಭಾಗದ ಪ್ಯಾಟರ್ನ್‌ಗಳ ಮತ್ತು ಮಾದರಿಗಳ ಸ್ಪಷ್ಟ ಚಿತ್ರಗಳನ್ನು ಈಗಾಗಲೇ ಹಣ ಕೊಟ್ಟು ನೋಡಿದ ಎಲ್ಲರಿಗೂ ಕಳಿಸಿಕೊಡಿ. ನಮ್ಮ ಟಿಕೆಟ್ ಹಣದಲ್ಲಿ ಅರ್ಧವನ್ನು ಹಿಂದಿರುಗಿಸಬೇಕೆಂದೂ ಕೋರುತ್ತೇನೆ. ಟಿಕೆಟ್‌ಗಳ ಪ್ರತಿ ಇದರೊಂದಿಗಿದೆ. ಪ್ರದರ್ಶನ ಮುಂದಿನ ಊರಿಗೆ ಹೊರಡುವ ಮೊದಲೇ ಲಿಖಿತ ಉತ್ತರ ಬೇಕು, ಏಕೆಂದರೆ ಅಲ್ಲಿಯೂ ಇದೇ ಜಾಹೀರಾತು ನಂಬಿ ಟಿಕೆಟ್ ಕೊಳ್ಳುವವರಿದ್ದಾರೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಹೊಲಿಗೆ ಶಿಕ್ಷಕಿ